ತುಮಕೂರಿನ ಒಂದು ಸ್ಕ್ಯಾನಿಂಗ್ ಸೆಂಟರ್: ಕಾಲಿನ ಡಾಪ್ಲರ್‌ಗೆ ಧಾರಾಳವಾಗಿ ಹೋಗಿ, ಎದೆಯ ಸಿಟಿಗೆ ಕೇಳಿಕೊಂಡು ಹೋಗಿ

ತುಮಕೂರಿನ ಬಿ.ಎಚ್. ರಸ್ತೆಗೆ ಸೇರುವ ಅಡ್ಡರಸ್ತೆಯೊಂದರಲ್ಲಿರುವ ಖಾಸಗಿ ಡಯಾಗ್ನೋಸ್ಟಿಕ್ ಸೆಂಟರ್ ಒಂದರ ಬಗ್ಗೆ ಈ ವಿಮರ್ಶೆ. ಹೆಸರು ಹಾಕುತ್ತಿಲ್ಲ. ಇಲ್ಲಿ ಹೇಳುವ ಗುಣದೋಷಗಳನ್ನು ಹಿಡಿದು ಬೇರೆ ಯಾವ ಸೆಂಟರನ್ನು ಬೇಕಾದರೂ ತೂಗಿ ನೋಡಬಹುದು. ನಾವು ನೋಡಿದ್ದು ಒಂದೇ ಬಗೆಯ ಕೆಲಸವನ್ನು: ಮೈಯೊಳಗೆ ಎಲ್ಲಾದರೂ ರಕ್ತ ಹೆಪ್ಪುಗಟ್ಟಿದೆಯೇ ಎಂದು ಪತ್ತೆಮಾಡುವ ಸ್ಕ್ಯಾನ್‌ಗಳು. ಕಾಲಿನ ವೀನಸ್ ಡಾಪ್ಲರ್ (ವೇನ್‌ಗಳ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಗಳ, ಅಲ್ಟ್ರಾಸೌಂಡ್), ಶ್ವಾಸಕೋಶದ ಸಿಟಿ ಆಂಜಿಯೋಗ್ರಾಮ್, ತಲೆಯ ಎಂಆರ್ ವೀನೋಗ್ರಾಮ್ (ಎಂಆರ್‌ಐ ಯಂತ್ರದಲ್ಲಿ ತೆಗೆಯುವ ಮಿದುಳಿನ ವೇನ್‌ಗಳ ಚಿತ್ರ), ಇವುಗಳ ಜೊತೆಗೇ ಬರೆಸಿಕೊಂಡು ಬರುವ ಡಿ-ಡೈಮರ್ ರಕ್ತಪರೀಕ್ಷೆ. ಹೊಟ್ಟೆ ಸ್ಕ್ಯಾನಿಂಗ್ ಹೇಗೆ, ಗರ್ಭಿಣಿಯರ ಸ್ಕ್ಯಾನಿಂಗ್ ಹೇಗೆ ಎಂಬ ಗೋಜಿಗೆ ಹೋಗಿಲ್ಲ.

ಅಂಕ ಮೊದಲೇ ಹೇಳಿಬಿಡುತ್ತೇವೆ. ಡಾಪ್ಲರ್‌ಗೆ ಐದಕ್ಕೆ ನಾಲ್ಕು. ಎಂಆರ್ ವೀನೋಗ್ರಾಮ್‌ಗೆ ಮೂರು. ಎದೆಯ ಸಿಟಿಗೆ ಎರಡು ಕೊಟ್ಟರೆ ಹೆಚ್ಚು. ಸಿಟಿ ಯಂತ್ರ ಹೊಸದು, ಡಾಪ್ಲರ್ ಯಂತ್ರ ಹಳೆಯದು ಎಂಬುದು ಗೊತ್ತಿದ್ದೇ ಈ ಅಂಕ.

ಒತ್ತಿ ನೋಡುವ ಪರೀಕ್ಷೆ

ಕಾಲಿನ ಆಳದ ವೇನ್‌ನಲ್ಲಿ ಹೆಪ್ಪುಗಟ್ಟುವುದನ್ನು ಡಾಕ್ಟರುಗಳು ಡಿವಿಟಿ ಎನ್ನುತ್ತಾರೆ. ಅದನ್ನು ಹಿಡಿಯುವ ಬಗೆ ಬಹಳ ಸರಳ. ಪ್ರೋಬನ್ನು (ಮೈಮೇಲೆ ಇಟ್ಟು ನೋಡುವ ಅಲ್ಟ್ರಾಸೌಂಡ್ ಹಿಡಿಯನ್ನು) ವೇನ್‌ಗೆ ಅಡ್ಡಲಾಗಿ ಇಟ್ಟು ಅದುಮಿದರೆ ಆರೋಗ್ಯವಾಗಿರುವ ವೇನ್ ಚಪ್ಪಟೆಯಾಗಿ ಪರದೆಯಿಂದ ಮಾಯವಾಗುತ್ತದೆ, ಪಕ್ಕದ ಆರ್ಟರಿ (ಹೃದಯದಿಂದ ರಕ್ತ ತರುವ ನಾಳ) ದುಂಡಗೆ ಮಿಡಿಯುತ್ತ ಉಳಿಯುತ್ತದೆ. ಒಳಗೆ ಹೆಪ್ಪಿದ್ದರೆ ವೇನ್ ಮುಚ್ಚುವುದಿಲ್ಲ. ಆರ್ಟರಿಯ ಆಕಾರ ಒಂಚೂರು ಕದಲುವಷ್ಟು ಅದುಮಿದ ಮೇಲೂ ವೇನ್‌ನ ಎರಡು ಗೋಡೆ ಒಂದಕ್ಕೊಂದು ತಾಗದಿದ್ದರೆ ಅಲ್ಲಿ ಹೆಪ್ಪಿದೆ ಎಂದೇ ಲೆಕ್ಕ. ಹೊಸದಾಗಿ ಕಟ್ಟಿದ ಹೆಪ್ಪು ಹರಿಯುವ ರಕ್ತದಷ್ಟೇ ಕಪ್ಪಗೆ ಕಾಣುವುದುಂಟು. ಅದುಮದೆ ಕಣ್ಣಳತೆಯಲ್ಲಿ ನೋಡಿ ‘ಏನೂ ಇಲ್ಲ’ ಎಂದವರು ಮೋಸಹೋಗುವುದು ಇಲ್ಲೇ. ಉದ್ದುದ್ದಕ್ಕೆ ಹಿಡಿದು ಅದುಮಿದರೂ ಮೋಸವೇ: ಪ್ರೋಬ್ ವೇನ್ ಮೇಲಿಂದ ಪಕ್ಕಕ್ಕೆ ಜಾರುತ್ತದೆ, ವೇನ್ ಮುಚ್ಚಿದಂತೆ ಕಾಣುತ್ತದೆ.

ಈ ಸೆಂಟರ್ ಅಂಕ ಗಳಿಸುವುದು ಇದರಲ್ಲಿ. ಡಾಪ್ಲರ್ ಮಾಡುವವರು ಸ್ವತಃ ರೇಡಿಯಾಲಜಿಸ್ಟ್. ತೊಡೆಸಂದಿನಿಂದ ಶುರುಮಾಡಿ ಸುಮಾರು ಎರಡೆರಡು ಸೆಂಟಿಮೀಟರ್‌ಗೆ ಒಮ್ಮೆ ಅದುಮುತ್ತ, ತೊಡೆಯುದ್ದಕ್ಕೂ ಇಳಿದು, ಮಂಡಿ ಹಿಂದೆ ಬಂದು, ಅಲ್ಲಿಂದ ಮೀನಖಂಡದ ಜೋಡಿ ವೇನ್‌ಗಳನ್ನು ಹಿಡಿದು ಹಿಮ್ಮಡಿ ಗಂಟಿನವರೆಗೂ ಹೋಗುತ್ತಾರೆ. 2018ರಲ್ಲಿ ಅಮೆರಿಕದ ಅಲ್ಟ್ರಾಸೌಂಡ್ ರೇಡಿಯಾಲಜಿಸ್ಟರ ಸಂಘ ಕರೆದ ತಜ್ಞರ ಸಮಿತಿ ಶಿಫಾರಸು ಮಾಡಿದ್ದೂ ಈ ಪೂರ್ತಿ ಕಾಲಿನ ಕ್ರಮವನ್ನೇ. ಬಹಳ ಕಡೆ ತೊಡೆಸಂದು, ಮಂಡಿ ಹಿಂದೆ ಎರಡೇ ಜಾಗ ಅದುಮಿ ಕಳಿಸುತ್ತಾರೆ. ಶಿರಾ ಗೇಟ್ ಮತ್ತು ಕ್ಯಾತ್ಸಂದ್ರ ಎರಡು ಕಡೆ ನಿಂತು ನೋಡಿ ತುಮಕೂರಿನಲ್ಲಿ ಟ್ರಾಫಿಕ್ಕೇ ಇಲ್ಲ ಎಂದಂತೆ ಇದು. ತುರ್ತು ವಿಭಾಗದಲ್ಲಿ ರಾತ್ರಿ ಹನ್ನೆರಡಕ್ಕೆ ಎರಡೇ ಕಡೆ ನೋಡುವುದು ತಪ್ಪಲ್ಲ. ಆದರೆ ಹಾಗೆ ನೋಡಿದವರು ‘5ರಿಂದ 7 ದಿನದಲ್ಲಿ ಮತ್ತೆ ಬನ್ನಿ’ ಎಂದು ಬರೆದು ಕಳಿಸಬೇಕು. ಮೀನಖಂಡದ ಹೆಪ್ಪು ಮೇಲಕ್ಕೆ ಬೆಳೆಯುವುದಿದ್ದರೆ ಹೆಚ್ಚಾಗಿ ಅಷ್ಟರೊಳಗೆ ಬೆಳೆಯುತ್ತದೆ. ದಿನದ ಹೊತ್ತು, ನಿಧಾನವಾಗಿ, ಪೂರ್ತಿ ಕಾಲಿನ ದುಡ್ಡು ತೆಗೆದುಕೊಂಡು ಎರಡೇ ಕಡೆ ಅದುಮಿದರೆ ಅದು ಕಾಟಾಚಾರ.

ಮಂಚದ ವಿಷಯ ಯಾರೂ ಗಮನಿಸುವುದಿಲ್ಲ, ಗಮನಿಸಬೇಕು. ರೋಗಿಯನ್ನು ಪೂರ್ತಿ ಚಪ್ಪಟೆ ಮಲಗಿಸಿದರೆ ಕಾಲಿನ ವೇನ್‌ಗಳಲ್ಲಿ ರಕ್ತ ನಿಲ್ಲದೆ ಬರಿದಾಗುತ್ತವೆ, ಮೀನಖಂಡದವಂತೂ ಕಾಣುವುದೇ ಇಲ್ಲ. ಈ ಸೆಂಟರಿನ ಮಂಚದ ತಲೆಭಾಗ ಸುಮಾರು 30 ಡಿಗ್ರಿ ಏಳುತ್ತದೆ. ಮಂಡಿಯನ್ನು ಸ್ವಲ್ಪ ಮಡಿಸಿ ಹೊರಕ್ಕೆ ತಿರುಗಿಸಿ ಇಡಲು ಹೇಳುತ್ತಾರೆ. ಮೀನಖಂಡ ನೋಡುವಾಗ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸುತ್ತಾರೆ. ಇಳಿಬಿಟ್ಟ ಕಾಲಲ್ಲಿ ವೇನ್‌ಗಳು ತುಂಬಿಕೊಂಡು ಎದ್ದು ಕಾಣುತ್ತವೆ. ತೊಡೆಯ ಕೆಳಭಾಗದಲ್ಲಿ, ಮಂಡಿಗಿಂತ ಒಂದು ಗೇಣು ಮೇಲೆ, ವೇನ್ ಸ್ನಾಯುಗಳ ನಡುವೆ ಆಳಕ್ಕೆ ಇಳಿಯುತ್ತದೆ. ಅಲ್ಲಿ ಪ್ರೋಬ್ ಎಷ್ಟು ಅದುಮಿದರೂ ವೇನ್ ಬಗ್ಗುವುದಿಲ್ಲ, ಇಲ್ಲದ ಹೆಪ್ಪು ಇದೆ ಎನಿಸುತ್ತದೆ. ಎಡಗೈಯನ್ನು ತೊಡೆಯ ಕೆಳಗೆ ಕೊಟ್ಟು ಹಿಂದಿನಿಂದ ಮೇಲಕ್ಕೆ ಒತ್ತಬೇಕು. ಇಲ್ಲಿ ಹಾಗೇ ಮಾಡುತ್ತಾರೆ. ದಪ್ಪ ತೊಡೆಯವರಿಗೆ, ತುಂಬ ಊದಿದ ಕಾಲಿಗೆ, ಚಪ್ಪಟೆ ಪ್ರೋಬ್ ಬಿಟ್ಟು ಹೊಟ್ಟೆಗೆ ಬಳಸುವ ಬಾಗಿದ ಪ್ರೋಬ್ ಹಿಡಿಯುತ್ತಾರೆ. ಅದೂ ಸರಿ.

ಇನ್ನೊಂದು ಸೂಕ್ಷ್ಮ. ತೊಡೆಯ ವೇನ್ ಬಹಳ ಜನರಿಗೆ ಒಂದರ ಬದಲು ಎರಡು ಇರುತ್ತದೆ. ಒಂದು ಚೆನ್ನಾಗಿ ಮುಚ್ಚಿತು ಎಂದು ಮುಂದಕ್ಕೆ ಹೋದರೆ ಪಕ್ಕದಲ್ಲಿ ಹೆಪ್ಪು ತುಂಬಿಕೊಂಡ ಇನ್ನೊಂದು ಹಾಗೇ ಉಳಿಯುತ್ತದೆ. ಅಡ್ಡಲಾಗಿ ನೋಡುತ್ತ ಇಳಿದವರಿಗೆ ಮಾತ್ರ ಇದು ಸಿಗುತ್ತದೆ.

ರಕ್ತದ ಹರಿವನ್ನು ತೋರಿಸುವ ಬಣ್ಣದ ಚಿತ್ರ ರೋಗಿಯ ಕಡೆಯವರಿಗೆ ಖುಷಿ ಕೊಡುತ್ತದೆ, ಆದರೆ ಅದಕ್ಕಿರುವುದು ಎರಡನೆಯ ಸ್ಥಾನ. ವೇನ್‌ನಲ್ಲಿ ರಕ್ತ ನಿಧಾನವಾಗಿ ಹರಿಯುತ್ತದೆ. ಯಂತ್ರದ ವೇಗದ ಸ್ಕೇಲನ್ನು ಆರ್ಟರಿಗೆ ಇಟ್ಟಂತೆ ಮೇಲಕ್ಕಿಟ್ಟರೆ ಬಣ್ಣವೇ ತುಂಬುವುದಿಲ್ಲ, ಹೆಪ್ಪಿಲ್ಲದ ಕಡೆ ಹೆಪ್ಪು ಎಂದು ಬರೆಯುತ್ತಾರೆ. ಬಣ್ಣದ ಗೇನ್ ಹೆಚ್ಚಿಸಿದರೆ ಬಣ್ಣ ಉಕ್ಕಿ ಗೋಡೆಗೆ ಅಂಟಿದ ಸಣ್ಣ ಹೆಪ್ಪನ್ನು ಮುಚ್ಚಿಬಿಡುತ್ತದೆ. ಬಣ್ಣ ನಿಜಕ್ಕೂ ಬೇಕಾಗುವುದು ಅದುಮಲು ಆಗದ ಕಡೆ, ಅಂದರೆ ಸೊಂಟದೊಳಗಿನ ಇಲಿಯಾಕ್ ವೇನ್, ಕೈಯಾದರೆ ಕಾಲರ್ ಮೂಳೆಯ ಅಡಿಯ ವೇನ್. ಅದಕ್ಕೇ ಒಂದೇ ಕಾಲಿಗೆ ಬರೆದಿದ್ದರೂ ಎರಡೂ ತೊಡೆಸಂದಿನ ಹರಿವಿನ ಅಲೆಯನ್ನು ಹಿಡಿದು ಹೋಲಿಸಬೇಕು. ಉಸಿರಾಟದ ಜೊತೆ ಏರಿಳಿಯುವ ಅಲೆ ಒಂದು ಕಡೆ ಮಾತ್ರ ಚಪ್ಪಟೆಯಾಗಿದ್ದರೆ ಮೇಲೆ, ಹೊಟ್ಟೆಯೊಳಗೆ, ತಡೆ ಇರಬಹುದು. ಆಗ ಸಿಟಿ ಅಥವಾ ಎಂಆರ್ ವೀನೋಗ್ರಾಮ್‌ಗೆ ಹೋಗಬೇಕು. ಈ ಸೆಂಟರ್ ನಾಲ್ಕರಲ್ಲೇ ನಿಂತದ್ದು ಇದರಿಂದ: ಎರಡೂ ಕಡೆಯ ಅಲೆ ಹಿಡಿಯುವುದು ಎರಡು ಕಾಲಿಗೆ ದುಡ್ಡು ಕಟ್ಟಿದವರಿಗೆ ಮಾತ್ರ. ಒಂದು ನಿಮಿಷದ ಕೆಲಸ, ಜಿಪುಣತನ ಬೇಡವಿತ್ತು.

ಒಂದು ಕಾಲಿಗೆ ಹದಿನೈದು ಇಪ್ಪತ್ತು ನಿಮಿಷವಾದರೂ ಹಿಡಿಯುತ್ತದೆ. ಐದು ನಿಮಿಷದಲ್ಲಿ ಜೆಲ್ ಒರೆಸಿಕೊಳ್ಳಲು ಟಿಶ್ಯೂ ಕೊಟ್ಟರೆ ಕೆಲಸ ಅರ್ಧಕ್ಕೇ ಮುಗಿದಿದೆ. ಬಿಗಿ ಪ್ಯಾಂಟ್ ಬೇಡ. ಗಂಡಸರಿಗೆ ಪಂಚೆ ಅಥವಾ ಲುಂಗಿ, ಹೆಂಗಸರಿಗೆ ನೈಟಿ ಅನುಕೂಲ. ಪರದೆ ಇದೆ, ಹೆಂಗಸರಿಗೆ ಮಹಿಳಾ ಸಿಬ್ಬಂದಿ ನಿಲ್ಲುತ್ತಾರೆ. ಆದರೆ ನಡುವೆ ಬಾಗಿಲು ತೆರೆದು ‘ಸಾರ್, ಮುಂದಿನ ಪೇಷಂಟ್ ಕಳಿಸಲಾ?’ ಎಂದು ಇಣುಕುವ ಚಾಳಿ ನಿಲ್ಲಬೇಕು. ಈ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ. ನೀರು ಕುಡಿದು ಬಂದರೆ ವೇನ್ ಇನ್ನೂ ಚೆನ್ನಾಗಿ ಕಾಣುತ್ತದೆ. ಕೌಂಟರಿನವರು ಎಲ್ಲ ಸ್ಕ್ಯಾನಿಂಗಿಗೂ ಒಂದೇ ಮಾತು ಹೇಳಿ ಉಪವಾಸ ಕೂರಿಸುತ್ತಾರೆ, ಅದಕ್ಕೆ ಕಿವಿಗೊಡಬೇಡಿ.

ರಿಪೋರ್ಟಿನಲ್ಲಿ ಏನಿರಬೇಕು

‘ಡಿವಿಟಿ ಇಲ್ಲ’ ಎಂಬ ಒಂದೇ ಸಾಲಿನ ರಿಪೋರ್ಟು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಇಲ್ಲ ಎಂದರೆ ಎಲ್ಲಿಂದ ಎಲ್ಲಿವರೆಗೆ ಇಲ್ಲ? ಮೀನಖಂಡ ನೋಡಿದರೇ? ಊತಕ್ಕೆ ಕಾಣದ್ದು, ಬ್ಯಾಂಡೇಜ್ ಅಡಿಯಲ್ಲಿ ನೋಡಲಾಗದ್ದು ಯಾವುದು? ಈ ಸೆಂಟರಿನ ರಿಪೋರ್ಟು ಪ್ರತಿ ವೇನ್ ಹೆಸರಿಸಿ ಪಕ್ಕದಲ್ಲಿ ‘ಅದುಮಿದರೆ ಮುಚ್ಚುತ್ತದೆ’ ಅಥವಾ ‘ಮುಚ್ಚುವುದಿಲ್ಲ’ ಎಂದು ಬರೆಯುತ್ತದೆ, ನೋಡಲಾಗದ್ದನ್ನು ನೋಡಲಾಗಲಿಲ್ಲ ಎಂದೇ ಬರೆಯುತ್ತದೆ. ಇದನ್ನು ಬರೆಯುವ ಪ್ರಾಮಾಣಿಕತೆ ಎಲ್ಲ ಕಡೆ ಇಲ್ಲ.

ಹೆಪ್ಪಿದ್ದರೆ ಹೊಸದೋ ಹಳೆಯದೋ ಹೇಳಬೇಕು. ಹೊಸ ಹೆಪ್ಪಿನ ವೇನ್ ಉಬ್ಬಿರುತ್ತದೆ, ಹೆಪ್ಪು ಮೆತ್ತಗೆ, ಕಪ್ಪಗೆ, ಕೆಲವೊಮ್ಮೆ ತುದಿ ರಕ್ತದಲ್ಲಿ ತೇಲಾಡುತ್ತದೆ. ಹಳೆಯದಾದರೆ ವೇನ್ ಕುಗ್ಗಿರುತ್ತದೆ, ಗೋಡೆ ದಪ್ಪ, ಒಳಗೆ ಬಿಳಿ ಎಳೆಗಳು ಅಡ್ಡಕ್ಕೆ ಕಟ್ಟಿಕೊಂಡಿರುತ್ತವೆ. ಔಷಧಿ ಮುಗಿದ ಮೇಲೂ ಈ ಗುರುತು ಎಷ್ಟೋ ಜನರಿಗೆ ಉಳಿದುಬಿಡುತ್ತದೆ. ಹಾಗಾಗಿ ಚಿಕಿತ್ಸೆ ನಿಲ್ಲಿಸುವ ಹೊತ್ತಿಗೆ ಒಮ್ಮೆ ಸ್ಕ್ಯಾನ್ ಮಾಡಿಸಿ ಆ ರಿಪೋರ್ಟನ್ನು ಫೈಲಿನಲ್ಲಿ ಜೋಪಾನವಾಗಿ ಇಡುವುದು ಒಳ್ಳೆಯದು. ಮುಂದೆ ಅದೇ ಕಾಲು ಮತ್ತೆ ಊದಿದಾಗ ಇದು ಹಳೆಯದೇ, ಹೊಸದೇ ಎಂದು ಹೇಳಲು ಆ ಹಾಳೆಗಿಂತ ಬೇರೆ ಆಧಾರ ಇರುವುದಿಲ್ಲ. ಹಳೆಯ ರಿಪೋರ್ಟ್ ತನ್ನಿ ಎಂದು ಈ ಸೆಂಟರಿನಲ್ಲಿ ಫೋನಿನಲ್ಲೇ ಹೇಳುತ್ತಾರೆ.

ಒಂದು ಅಪಾಯದ ಹೆಸರು: ಸೂಪರ್‌ಫಿಶಿಯಲ್ ಫೆಮೋರಲ್ ವೇನ್. ಹೆಸರಿನಲ್ಲಿ ಮೇಲ್ಮೈ ಎಂದಿದ್ದರೂ ಅದು ಆಳದ ವೇನ್, ಅಲ್ಲಿ ಹೆಪ್ಪಿದ್ದರೆ ಅದು ಡಿವಿಟಿಯೇ. ಈಗಿನ ಪದ್ಧತಿಯಲ್ಲಿ ಬರೀ ಫೆಮೋರಲ್ ವೇನ್ ಎಂದು ಬರೆಯುತ್ತಾರೆ. ಹಳೆಯ ಹೆಸರು ಕಂಡು ‘ಮೇಲಿನದು ತಾನೇ’ ಎಂದು ಯಾರಾದರೂ ಮುಲಾಮು ಬರೆದುಕೊಟ್ಟರೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ನಿಜವಾಗಿಯೂ ಚರ್ಮದಡಿಯ ವೇನ್‌ನಲ್ಲಿ ಹೆಪ್ಪಿದ್ದರೆ ಅದರ ಉದ್ದ ಎಷ್ಟು, ತೊಡೆಸಂದಿನಲ್ಲಿ ಅದು ಆಳದ ವೇನ್‌ಗೆ ಸೇರುವ ಕೂಡುಜಾಗದಿಂದ ಎಷ್ಟು ದೂರ ಎಂದು ಸೆಂಟಿಮೀಟರ್‌ನಲ್ಲಿ ಬರೆಯಬೇಕು. 5 ಸೆಂ.ಮೀ.ಗಿಂತ ಉದ್ದವಿದ್ದರೆ ಅಥವಾ ಕೂಡುಜಾಗಕ್ಕೆ 3 ಸೆಂ.ಮೀ.ಗಿಂತ ಹತ್ತಿರವಿದ್ದರೆ ಚಿಕಿತ್ಸೆಯೇ ಬೇರೆಯಾಗುತ್ತದೆ. ಈ ಅಳತೆ ಇಲ್ಲಿಯ ರಿಪೋರ್ಟುಗಳಲ್ಲಿ ಕೆಲವಕ್ಕೆ ಇದೆ, ಕೆಲವಕ್ಕೆ ಇಲ್ಲ. ಇಲ್ಲದಿದ್ದರೆ ಅಲ್ಲೇ ನಿಂತು ಬರೆಸಿಕೊಳ್ಳಿ.

ಹೆಪ್ಪಿಲ್ಲದ ಊದಿದ ಕಾಲಿಗೂ ಏನಾದರೂ ಕಾರಣ ಇದ್ದೇ ಇರುತ್ತದೆ. ಮಂಡಿ ಹಿಂದಿನ ನೀರುಗಂಟು ಒಡೆದು ಮೀನಖಂಡಕ್ಕೆ ಇಳಿದಿರಬಹುದು, ಸ್ನಾಯು ಹರಿದು ರಕ್ತ ನಿಂತಿರಬಹುದು, ಚರ್ಮದಡಿ ಸೋಂಕಾಗಿರಬಹುದು. ಇಲ್ಲಿಯವರು ಅದನ್ನೂ ನೋಡಿ ಒಂದು ಸಾಲು ಬರೆಯುತ್ತಾರೆ.

ಚೀಟಿಯಲ್ಲಿ ಯಾವ ಡಾಪ್ಲರ್?

ಕೌಂಟರಿನಲ್ಲಿ ಬರೀ ‘ಕಾಲಿನ ಡಾಪ್ಲರ್’ ಎಂದರೆ ಮೂರು ಬೇರೆ ಬೇರೆ ಪರೀಕ್ಷೆಗಳಲ್ಲಿ ಯಾವುದಕ್ಕಾದರೂ ಬಿಲ್ ಆಗಬಹುದು. ಆರ್ಟೀರಿಯಲ್ ಡಾಪ್ಲರ್ ಕಾಲಿಗೆ ರಕ್ತ ಬರುವ ದಾರಿಯದು. ಬೀಡಿ ಸಿಗರೇಟು ಸೇದುವವರಿಗೆ, ಸಕ್ಕರೆ ಕಾಯಿಲೆಯ ಹುಣ್ಣಿಗೆ ಅದು ಬೇಕು. ವೇರಿಕೋಸ್ ವೇನ್ಸ್ ಪರೀಕ್ಷೆಯಲ್ಲಿ ರೋಗಿಯನ್ನು ನಿಲ್ಲಿಸಿ ಕವಾಟಗಳು ಸೋರುತ್ತವೆಯೇ ನೋಡುತ್ತಾರೆ, ಚರ್ಮದಡಿಯ ವೇನ್‌ಗಳಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ರಕ್ತ ಹಿಂದಕ್ಕೆ ಹರಿದರೆ ಸೋರಿಕೆ ಎಂದು ಲೆಕ್ಕ. ಹೆಪ್ಪಿಗೆ ಬೇಕಾದದ್ದು ವೀನಸ್ ಡಾಪ್ಲರ್, ಡಿವಿಟಿಗಾಗಿ. ಚೀಟಿಯಲ್ಲಿ ಈ ಎರಡೂ ಪದ ಇರಲಿ, ಯಾವ ಕಾಲು ಎಂಬುದೂ ಇರಲಿ. ‘ಆರ್ಟೀರಿಯಲ್ ಪ್ಲಸ್ ವೀನಸ್, ಎರಡು ಕಾಲು’ ಎಂಬ ದೊಡ್ಡ ಪ್ಯಾಕೇಜನ್ನು ಕೌಂಟರಿನವರು ಮುಂದಿಡುತ್ತಾರೆ. ಒಂದು ಕಾಲು ಊದಿ ಬಂದವರಿಗೆ ಅದರ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಇನ್ನು ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ತಡೆಯಲಾಗದ ನೋವಾದರೆ ಸ್ಕ್ಯಾನಿಂಗ್ ಕ್ಯೂನಲ್ಲಿ ಟೋಕನ್ ಹಿಡಿದು ಕೂರಬೇಡಿ. ಅದು ಆರ್ಟರಿ ಕಟ್ಟಿಕೊಂಡಿರುವ ಲಕ್ಷಣ. ಗಂಟೆಗಳ ಲೆಕ್ಕದಲ್ಲಿ ಕಾಲು ಹೋಗುತ್ತದೆ, ನೇರ ಆಸ್ಪತ್ರೆಗೆ ಹೋಗಿ.

ಡಿ-ಡೈಮರ್ ಬಗ್ಗೆ ಎರಡು ಮಾತು. ಹೆಪ್ಪು ಕರಗುವಾಗ ರಕ್ತಕ್ಕೆ ಬರುವ ಚೂರುಗಳ ಅಳತೆ ಅದು. ಗರ್ಭಿಣಿಯರಿಗೆ, ಆಪರೇಷನ್ ಆದವರಿಗೆ, ಸೋಂಕಿದ್ದವರಿಗೆ, ವಯಸ್ಸಾದವರಿಗೆ ಹೆಪ್ಪಿಲ್ಲದೆಯೂ ಏರಿರುತ್ತದೆ. ಆದ್ದರಿಂದ ಏರಿದೆ ಎಂದಾಕ್ಷಣ ಹೆಪ್ಪಿದೆ ಎಂದಲ್ಲ. ಅದರ ಉಪಯೋಗವಿರುವುದು ಅನುಮಾನ ಕಡಿಮೆ ಇದ್ದು, ಸಂಖ್ಯೆಯೂ ಕಡಿಮೆ ಬಂದಾಗ. ಆಗ ಸ್ಕ್ಯಾನೇ ಬೇಡ. ಅನುಮಾನ ಎಷ್ಟು ಎಂದು ಅಳೆಯಲು ಡಾಕ್ಟರುಗಳು ವೆಲ್ಸ್ ಸ್ಕೋರ್ ಹಾಕುತ್ತಾರೆ. ಇತ್ತೀಚಿನ ಆಪರೇಷನ್, ಪ್ಲಾಸ್ಟರ್ ಹಾಕಿದ ಕಾಲು, ಕ್ಯಾನ್ಸರ್, ಮಂಡಿ ಕೆಳಗಿನ ಮೂಳೆಯುಬ್ಬಿನಿಂದ 10 ಸೆಂ.ಮೀ. ಕೆಳಗೆ ಟೇಪಿನಲ್ಲಿ ಸುತ್ತಳತೆ ತೆಗೆದಾಗ ಇನ್ನೊಂದು ಕಾಲಿಗಿಂತ 3 ಸೆಂ.ಮೀ.ಗಿಂತ ಹೆಚ್ಚು ದಪ್ಪ, ಹೀಗೆ ಒಂದೊಂದಕ್ಕೆ ಒಂದೊಂದು ಅಂಕ. ಅನುಮಾನ ಜೋರಾಗಿದ್ದರೆ ಡಿ-ಡೈಮರ್ ಬಿಟ್ಟು ನೇರ ಡಾಪ್ಲರ್. ಎರಡನ್ನೂ ಕೂಡಿಸಿ ಮಾರುವ ಇಲ್ಲಿಯ ‘ಡಿವಿಟಿ ಪ್ಯಾಕೇಜ್’ ನಮಗೆ ಹಿಡಿಸಲಿಲ್ಲ.

ಯುನಿಟ್ಟಿನ ಗೊಂದಲ ಇನ್ನೂ ಕೆಟ್ಟದ್ದು. ಕೆಲವು ಲ್ಯಾಬ್ ಎಫ್‌ಇಯು ಲೆಕ್ಕದಲ್ಲಿ ಕೊಡುತ್ತವೆ, ಕೆಲವು ಡಿಡಿಯು ಲೆಕ್ಕದಲ್ಲಿ. ಮೊದಲನೆಯದು ಎರಡನೆಯದರ ಸುಮಾರು ಎರಡರಷ್ಟು. ಸಾಮಾನ್ಯ ಗಡಿ 500 ನ್ಯಾನೋಗ್ರಾಂ ಎಂಬುದು ಎಫ್‌ಇಯು ಲೆಕ್ಕ. 50 ದಾಟಿದವರಿಗೆ ವಯಸ್ಸನ್ನು ಹತ್ತರಿಂದ ಗುಣಿಸಿ ಗಡಿ ಹಾಕುವುದುಂಟು, 70 ವರ್ಷದವರಿಗೆ 700. ಡಿಡಿಯುನಲ್ಲಿ 400 ಬಂದ ರಿಪೋರ್ಟನ್ನು ‘500ರ ಒಳಗಿದೆ’ ಎಂದು ಓದಿದರೆ ಅನಾಹುತ. ಈ ಸೆಂಟರಿನ ಹಾಳೆಯಲ್ಲಿ ಯುನಿಟ್ ಅಚ್ಚಾಗಿದೆ, ಆದರೆ ಎದ್ದು ಕಾಣದಷ್ಟು ಸಣ್ಣಗೆ. ನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಗೆರೆಯವರೆಗೆ ತುಂಬಬೇಕು. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಇರುವಂತೆ ಅಳೆದಿಟ್ಟ ಟ್ಯೂಬ್ ಅದು. ಅರ್ಧ ತುಂಬಿದ್ದನ್ನು ಕಳಿಸಿದರೆ ಫಲಿತಾಂಶ ನಂಬುವಂತಿಲ್ಲ. ಸ್ಯಾಂಪಲ್ ತೆಗೆಯುವವರು ಇದನ್ನು ಅರಿತವರು, ತಕರಾರಿಲ್ಲ.

ಎದೆಯ ಸಿಟಿ: ಯಂತ್ರ ಚೆನ್ನ, ನಡೆಸುವುದು ಸಾಲದು

ಕಾಲಿನ ಹೆಪ್ಪು ಕಳಚಿ ಶ್ವಾಸಕೋಶದ ಆರ್ಟರಿಗೆ ಹೋಗಿ ಸಿಕ್ಕಿಕೊಂಡರೆ ಪಲ್ಮನರಿ ಎಂಬಾಲಿಸಂ. ಅದನ್ನು ನೋಡುವುದು ಸಿಟಿ ಪಲ್ಮನರಿ ಆಂಜಿಯೋಗ್ರಾಮ್. ಕೋವಿಡ್ ಕಾಲದಿಂದ ಮನೆಮಾತಾಗಿರುವ ಎಚ್‌ಆರ್‌ಸಿಟಿ ಅಲ್ಲ. ಎಚ್‌ಆರ್‌ಸಿಟಿಯಲ್ಲಿ ಕಾಂಟ್ರಾಸ್ಟ್ ಔಷಧಿ (ರಕ್ತನಾಳ ಹೊಳೆದು ಕಾಣಲು ಚುಚ್ಚುವ ದ್ರವ) ಕೊಡುವುದಿಲ್ಲ, ರಕ್ತವೂ ಹೆಪ್ಪೂ ಒಂದೇ ಬೂದುಬಣ್ಣದಲ್ಲಿ ಕಾಣುತ್ತವೆ. ‘ಎದೆ ಸಿಟಿ ಆಗಿದೆಯಲ್ಲ, ನಾರ್ಮಲ್ ಬಂತಲ್ಲ’ ಎಂದು ಸುಮ್ಮನಾಗುವ ಹಾಗಿಲ್ಲ. ಕಾಂಟ್ರಾಸ್ಟ್ ಕೊಟ್ಟ ಮಾಮೂಲಿ ಎದೆ ಸಿಟಿಯೂ ಇದಕ್ಕೆ ಸಾಟಿಯಲ್ಲ. ಅದರಲ್ಲಿ ಚಿತ್ರ ತೆಗೆಯುವ ಹೊತ್ತಿಗೆ ಔಷಧಿ ಶ್ವಾಸಕೋಶದ ಆರ್ಟರಿ ದಾಟಿ ಮುಂದಕ್ಕೆ ಹೋಗಿರುತ್ತದೆ. ಇಲ್ಲಿಯ ಕೌಂಟರಿನಲ್ಲಿ ಎಲ್ಲವನ್ನೂ ‘ಸಿಟಿ ಚೆಸ್ಟ್ ಕಾಂಟ್ರಾಸ್ಟ್’ ಎಂದೇ ಬುಕ್ ಮಾಡುತ್ತಾರೆ. ಚೀಟಿ ನೋಡಿ ಟೆಕ್ನಿಷಿಯನ್ ಸರಿಪಡಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಔಷಧಿ 50ರಿಂದ 80 ಎಂ.ಎಲ್., ಸೆಕೆಂಡಿಗೆ 4ರಿಂದ 5 ಎಂ.ಎಲ್. ವೇಗದಲ್ಲಿ ಇಂಜೆಕ್ಟರ್ ಯಂತ್ರ ತಳ್ಳುತ್ತದೆ, ಹಿಂದೆಯೇ 30–40 ಎಂ.ಎಲ್. ಸಲೈನ್. ಈ ವೇಗ ತಡೆಯಲು ಮೊಣಕೈ ಮಡಿಕೆಯಲ್ಲಿ 18 ಅಥವಾ 20 ಗೇಜ್ ಕ್ಯಾನುಲಾ (ರಕ್ತನಾಳಕ್ಕೆ ಚುಚ್ಚಿಡುವ ಕೊಳವೆ; ಗೇಜ್ ಸಂಖ್ಯೆ ಹೆಚ್ಚಿದಷ್ಟೂ ಕೊಳವೆ ಸಣ್ಣ) ಬೇಕು, ಅಂದರೆ ಹಸಿರು ಅಥವಾ ಗುಲಾಬಿ ಬಣ್ಣದ್ದು. ಇಲ್ಲಿ ಅಂಗೈ ಹಿಂಭಾಗದಲ್ಲಿ ಮೊದಲೇ ಹಾಕಿದ್ದ ನೀಲಿ ಬಣ್ಣದ 22 ಗೇಜಿನಲ್ಲೇ ವೇಗ ತಗ್ಗಿಸಿ ನಡೆಸಿಬಿಡುತ್ತಾರೆ. ಪರಿಣಾಮ, ಆರ್ಟರಿ ಮಸುಕು. ಮುಖ್ಯ ಪಲ್ಮನರಿ ಆರ್ಟರಿಯಲ್ಲಿ 250 ಹೌನ್ಸ್‌ಫೀಲ್ಡ್ ಯುನಿಟ್ ಹತ್ತಿರಕ್ಕಾದರೂ ಹೊಳಪು ಬಂದರೆ ಸಣ್ಣ ಕವಲುಗಳನ್ನು ನಂಬಿಕೆಯಿಂದ ಓದಬಹುದು. ಅದಕ್ಕಿಂತ ಬಹಳ ಕೆಳಗಿದ್ದರೆ ಇಲ್ಲ ಎನ್ನಲೂ ಧೈರ್ಯ ಸಾಲದು, ಇದೆ ಎನ್ನಲೂ ಸಾಲದು.

ಎರಡನೆಯ ತಪ್ಪು ಉಸಿರಿನದು. ‘ಜೋರಾಗಿ ಉಸಿರೆಳೆದು ಹಿಡಿಯಿರಿ’ ಎಂದು ಹೇಳುತ್ತಾರೆ. ಜೋರಾಗಿ ಎಳೆದ ಕ್ಷಣ ಹೊಟ್ಟೆಯ ಕಡೆಯಿಂದ ಔಷಧಿ ಇಲ್ಲದ ರಕ್ತ ನುಗ್ಗಿ ಹೃದಯದ ಬಲಭಾಗ ಸೇರುತ್ತದೆ, ಚಿತ್ರ ತೆಗೆಯುವ ಹೊತ್ತಿಗೇ ಆರ್ಟರಿಯಲ್ಲಿ ಔಷಧಿ ತೆಳುವಾಗುತ್ತದೆ. ಸಹಜವಾಗಿ ಉಸಿರಾಡುತ್ತಿದ್ದವರು ಇದ್ದಲ್ಲೇ ತಡೆಹಿಡಿದರೆ ಸಾಕು. ಇದರ ಮೇಲೆ ಯಂತ್ರದ ರೆಕಾರ್ಡ್ ಆದ ದನಿ ಇಂಗ್ಲಿಷಿನಲ್ಲಿ. ಪಾವಗಡದ ಕಡೆಯಿಂದ ಬಂದ ಅಜ್ಜಿಗೆ ‘ಹೋಲ್ಡ್ ಯುವರ್ ಬ್ರೆತ್’ ಎಂದರೆ ಗಾಬರಿಯಾಗಿ ಇನ್ನೆರಡು ಉಸಿರು ಹೆಚ್ಚೇ ಎಳೆಯುತ್ತಾರೆ, ಚಿತ್ರ ಅಲುಗುತ್ತದೆ. ಇಂಥ ಯಂತ್ರಗಳಲ್ಲಿ ಸ್ಥಳೀಯ ಭಾಷೆಯಲ್ಲಿ ದನಿ ರೆಕಾರ್ಡ್ ಮಾಡಿಡುವ ಸೌಲಭ್ಯ ಇರುತ್ತದೆ. ‘ಉಸಿರು ಬಿಗಿಹಿಡಿಯಿರಿ... ಈಗ ಬಿಡಿ’ ಎಂದು ಹೇಳಿ ಸೇವ್ ಮಾಡಲು ಎಷ್ಟು ಹೊತ್ತು ಬೇಕು?

ಉಪವಾಸದ ಕಟ್ಟುಪಾಡು ಇಲ್ಲೂ ಅತಿ. ಈಗಿನ ಕಾಂಟ್ರಾಸ್ಟ್ ಔಷಧಿಗಳಿಗೆ ಆರು ಗಂಟೆ ಖಾಲಿ ಹೊಟ್ಟೆಯ ಅಗತ್ಯವಿಲ್ಲ, ಏದುಸಿರು ಬಿಡುತ್ತಿರುವವರನ್ನು ಅದಕ್ಕಾಗಿ ಕಾಯಿಸುವುದು ಅಪಾಯ. ಕಿಡ್ನಿಯ ರಕ್ತಪರೀಕ್ಷೆಯಾದ ಕ್ರಿಯಾಟಿನಿನ್ ಕೇಳುವುದು ಸರಿ, ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತದೆ ಎಂಬ ಲೆಕ್ಕ) 30ಕ್ಕಿಂತ ಕೆಳಗಿದ್ದರೆ ಡಾಕ್ಟರ್ ಜೊತೆ ಮಾತಾಡಿಯೇ ಮುಂದುವರಿಯಬೇಕು. ಮೆಟ್‌ಫಾರ್ಮಿನ್ ಮಾತ್ರೆಯನ್ನು 48 ಗಂಟೆ ನಿಲ್ಲಿಸಬೇಕಾದದ್ದೂ ಹಾಗೆ ಕಿಡ್ನಿ ಸೊರಗಿದವರಿಗೆ. ಇಲ್ಲಿ ಸಕ್ಕರೆ ಕಾಯಿಲೆಯವರಿಗೆಲ್ಲ ಒಂದೇ ಚೀಟಿ ಹಂಚುತ್ತಾರೆ. ಮೀನು, ಸೀಗಡಿ ಅಲರ್ಜಿ ಇದ್ದವರಿಗೆ ಕಾಂಟ್ರಾಸ್ಟ್ ಆಗದು ಎಂಬ ಮಾತಿಗೂ ಆಧಾರವಿಲ್ಲ. ಹಿಂದೆ ಇದೇ ಔಷಧಿಗೆ ದದ್ದು, ಉಬ್ಬಸ ಆಗಿದ್ದರೆ ಮಾತ್ರ ತಪ್ಪದೆ ಹೇಳಿ. ಹಾಲೂಡಿಸುವ ತಾಯಂದಿರು ಹಾಲು ನಿಲ್ಲಿಸಬೇಕಿಲ್ಲ. ಗರ್ಭಿಣಿಗೆ ಏದುಸಿರಿನ ಜೊತೆ ಕಾಲೂ ಊದಿದ್ದರೆ ಮೊದಲು ಕಾಲಿನ ಡಾಪ್ಲರ್. ವಿಕಿರಣ ಇಲ್ಲ, ಅಲ್ಲೇ ಹೆಪ್ಪು ಸಿಕ್ಕರೆ ಚಿಕಿತ್ಸೆ ಶುರುಮಾಡಬಹುದು. ಗರ್ಭಿಣಿಯರಲ್ಲಿ ಎಡಗಾಲಿಗೇ ಹೆಪ್ಪು ಹೆಚ್ಚು, ಏಕೆಂದರೆ ಎಡಗಡೆಯ ಇಲಿಯಾಕ್ ವೇನ್ ಮೇಲೆ ಬಲಗಡೆಯ ಆರ್ಟರಿ ಹಾದುಹೋಗಿ ಅದನ್ನು ಒತ್ತುತ್ತದೆ.

ಸಿಟಿ ರಿಪೋರ್ಟಿನಲ್ಲಿ ಚಿತ್ರದ ಗುಣಮಟ್ಟ ಹೇಗಿತ್ತು ಎಂಬ ಸಾಲು ಇಲ್ಲ, ಇದು ದೊಡ್ಡ ಕೊರತೆ. ಹೆಪ್ಪು ಯಾವ ಮಟ್ಟದ ಕವಲಿನಲ್ಲಿದೆ ಎಂದು ಬರೆಯುತ್ತಾರೆ. ಹೃದಯದ ಬಲ ಕೋಣೆ ಎಡ ಕೋಣೆಗಿಂತ ದೊಡ್ಡದಾಗಿದೆಯೇ ಎಂಬುದನ್ನು ಕೇಳಿದರೆ ಮಾತ್ರ ಸೇರಿಸುತ್ತಾರೆ. ಆಸ್ಪತ್ರೆಯಲ್ಲಿ ಐಸಿಯುಗೆ ಹಾಕಬೇಕೋ ವಾರ್ಡಿಗೋ ಎಂದು ನಿರ್ಧರಿಸುವವರಿಗೆ ಬಹಳ ನೆರವಾಗುವ ಮಾಹಿತಿ ಅದು.

ಆಮ್ಲಜನಕ 90ಕ್ಕಿಂತ ಕೆಳಗಿದ್ದವರನ್ನು, ಬಿಪಿ ಬಿದ್ದವರನ್ನು, ಎಚ್ಚರ ತಪ್ಪಿದವರನ್ನು ಈ ಸೆಂಟರಿಗಷ್ಟೇ ಅಲ್ಲ, ಒಂಟಿಯಾಗಿ ನಿಂತ ಯಾವ ಸ್ಕ್ಯಾನಿಂಗ್ ಸೆಂಟರಿಗೂ ಕರೆತರಬೇಡಿ. ಐಸಿಯು ಇರುವ ಕಟ್ಟಡದೊಳಗೇ ಸಿಟಿ ಇರುವ ಆಸ್ಪತ್ರೆಗೆ ಹೋಗಿ. ಅಲ್ಲಿ ಹಾಸಿಗೆ ಪಕ್ಕದ ಎಕೋದಲ್ಲೇ ಹೃದಯದ ಬಲಭಾಗ ಉಬ್ಬಿರುವುದು ಕಾಣುತ್ತದೆ.

ಬಾಣಂತಿಯ ತಲೆನೋವು

ಹೆರಿಗೆಯಾದ ವಾರಗಳಲ್ಲಿ ಬಿಡದ ತಲೆನೋವು, ವಾಂತಿ, ಫಿಟ್ಸ್, ಒಂದು ಕೈ ಸೋಲುವುದು, ಇವು ಮಿದುಳಿನ ವೇನ್‌ಗಳಲ್ಲಿ ಹೆಪ್ಪುಗಟ್ಟಿದ ಲಕ್ಷಣವಾಗಿರಬಹುದು. ಬಾಣಂತಿಗೆ ನೀರು ಕೊಡಬಾರದು ಎಂಬ ಪದ್ಧತಿ ಇನ್ನೂ ಇರುವ ಮನೆಗಳಲ್ಲಿ ಮೈ ಒಣಗಿ ಅಪಾಯ ಹೆಚ್ಚುತ್ತದೆ. ಗಾಳಿ ಸೋಕಿದೆ ಎಂದು ಕಿವಿಗೆ ಹತ್ತಿ ಇಟ್ಟು ಮಲಗಿಸಿದರೆ ದಿನ ಕಳೆಯುತ್ತದೆ ಅಷ್ಟೆ. ಸಾದಾ ತಲೆ ಸಿಟಿ ಇದರಲ್ಲಿ ಎಷ್ಟೋ ಸಲ ನಾರ್ಮಲ್ ಬರುತ್ತದೆ. ಬೇಕಾದದ್ದು ಎಂಆರ್‌ಐ ಜೊತೆ ಎಂಆರ್ ವೀನೋಗ್ರಾಮ್, ಅಥವಾ ಸಿಟಿ ವೀನೋಗ್ರಾಮ್. ಚೀಟಿಯಲ್ಲಿ ಆ ಪದವೇ ಇರಬೇಕು.

ಇಲ್ಲಿಯ ಎಂಆರ್‌ಐನವರು ಕಾಂಟ್ರಾಸ್ಟ್ ಇಲ್ಲದ ವಿಧಾನ ಬಳಸುತ್ತಾರೆ, ಬಹುಪಾಲು ಸಾಕು. ತೊಡಕು ಒಂದೇ. ಎಡಗಡೆಯ ಟ್ರಾನ್ಸ್‌ವರ್ಸ್ ಸೈನಸ್ (ಮಿದುಳಿನ ರಕ್ತವನ್ನು ಹೊರಗೊಯ್ಯುವ ಒಂದು ದೊಡ್ಡ ವೇನ್) ಹುಟ್ಟಿನಿಂದಲೇ ಸಣ್ಣಗಿರುವವರು ಬಹಳ, ಈ ಚಿತ್ರದಲ್ಲಿ ಅದು ಕಟ್ಟಿಕೊಂಡಂತೆ ಕಾಣುತ್ತದೆ. ಉಳಿದ ಸೀಕ್ವೆನ್ಸ್‌ಗಳಲ್ಲಿ (ಎಂಆರ್‌ಐ ಚಿತ್ರಗಳ ಸರಣಿಗಳಲ್ಲಿ) ಹೆಪ್ಪಿನ ಗುರುತು ಇದೆಯೇ ಎಂದು ತಾಳೆ ನೋಡಬೇಕು, ಆದರೂ ಅನುಮಾನ ಉಳಿದರೆ ಕಾಂಟ್ರಾಸ್ಟ್ ಕೊಟ್ಟು ನೋಡಬೇಕು. ಈ ಸೆಂಟರಿನವರು ‘ಸಣ್ಣಗಿದೆ ಅಥವಾ ಹೆಪ್ಪಿದೆ, ವೈದ್ಯರು ಲಕ್ಷಣ ನೋಡಿ ನಿರ್ಧರಿಸಿ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅದಕ್ಕೇ ಮೂರು ಅಂಕ. ಅಂಥ ರಿಪೋರ್ಟ್ ಬಂದರೆ ಬೆಂಗಳೂರಿಗೆ ಸುಮಾರು 70 ಕಿ.ಮೀ., ನಿಮ್ಹಾನ್ಸ್ ಅಲ್ಲೇ ಇದೆ.

ದುಡ್ಡು, ಸಿಡಿ, ಮೆಟ್ಟಿಲು

ದರಪಟ್ಟಿ ಗೋಡೆಯ ಮೇಲಿದೆ, ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರವೂ ಇದೆ. ಅಲ್ಟ್ರಾಸೌಂಡ್ ಕೋಣೆಯ ಹೊರಗೆ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ) ಪ್ರಮಾಣಪತ್ರ, ಭ್ರೂಣಲಿಂಗ ತಿಳಿಸುವುದಿಲ್ಲ ಎಂಬ ಕನ್ನಡ ಫಲಕ, ಎರಡೂ ಸರಿಯಾಗಿವೆ. ಇದೇ ಕಾನೂನಿನ ಬಿಗಿಯಿಂದಾಗಿ ಅಲ್ಟ್ರಾಸೌಂಡ್ ಯಂತ್ರವನ್ನು ಹೊತ್ತುಕೊಂಡು ಮನೆಗೆ ಬಂದು ಸ್ಕ್ಯಾನ್ ಮಾಡುವಂತಿಲ್ಲ. ಹಾಸಿಗೆ ಹಿಡಿದವರನ್ನೂ ಇಲ್ಲಿಗೇ ತರಬೇಕು. ಆದರೆ ಲಿಫ್ಟ್‌ನಲ್ಲಿ ಸ್ಟ್ರೆಚರ್ ಹಿಡಿಯುವುದಿಲ್ಲ, ವೀಲ್‌ಚೇರ್ ಮಾತ್ರ ಹೋಗುತ್ತದೆ. ಕೂರಲಾಗದವರು ಇದ್ದರೆ ಫೋನಿನಲ್ಲೇ ಹೇಳಿ, ನೆಲಮಹಡಿಯ ಇನ್ನೊಂದು ಯಂತ್ರದಲ್ಲಿ ಮಾಡಿಕೊಡುತ್ತಾರೆ.

ಸಿಟಿ, ಎಂಆರ್‌ಐ ಆದ ಮೇಲೆ ಫಿಲ್ಮ್ ಜೊತೆ ಸಿಡಿ ಕೇಳಿ ಪಡೆಯಿರಿ. ಫಿಲ್ಮಿನಲ್ಲಿ ಅಚ್ಚಾಗುವುದು ಆಯ್ದ ಕೆಲವೇ ಚಿತ್ರಗಳು. ಹೆಪ್ಪಿರುವ ಸಣ್ಣ ಕವಲು ಅದರಲ್ಲಿ ಬರದೇ ಇರಬಹುದು, ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ತೆಗೆದ ಫೋಟೋದಿಂದ ಬೆಂಗಳೂರಿನ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಸಿಡಿ ಕೊಟ್ಟ ಮೇಲೆ ಅಲ್ಲೇ ಕಂಪ್ಯೂಟರಿಗೆ ಹಾಕಿಸಿ ತೆರೆಯುತ್ತದೆಯೇ, ಹೆಸರು ನಿಮ್ಮದೇ ಇದೆಯೇ ನೋಡಿಕೊಳ್ಳಿ.

ಡಾಪ್ಲರ್ ಮಾಡುವ ರೇಡಿಯಾಲಜಿಸ್ಟ್ ಭಾನುವಾರ ಇರುವುದಿಲ್ಲ, ಸಂಜೆ ಏಳರ ನಂತರವೂ ಇಲ್ಲ. ಸಿಟಿ ರಾತ್ರಿಯಿಡೀ ನಡೆಯುತ್ತದೆ, ಆದರೆ ರಿಪೋರ್ಟು ಬೇರೆ ಊರಿನಿಂದ ಆನ್‌ಲೈನಿನಲ್ಲಿ ಬರುತ್ತದೆ. ಮಧುಗಿರಿ, ಶಿರಾ, ತುರುವೇಕೆರೆ ಕಡೆಯಿಂದ ಬರುವವರು ಹೊರಡುವ ಮುನ್ನ ಫೋನ್ ಮಾಡಿ ‘ಇವತ್ತು ವೀನಸ್ ಡಾಪ್ಲರ್ ಯಾರು ಮಾಡ್ತಾರೆ, ಪಾದದ ಗಂಟಿನವರೆಗೂ ನೋಡ್ತಾರಾ?’ ಎಂದು ಕೇಳಿ. ‘ಡಾಕ್ಟರ್ ಬರ್ತಾರೆ ಬನ್ನಿ’ ಎಂಬ ಉತ್ತರ ಸಾಲದು, ಎಷ್ಟು ಗಂಟೆಗೆ ಎಂದು ಕೇಳಿ ಟೋಕನ್ ನಂಬರ್ ಬರೆಸಿಕೊಳ್ಳಿ.